ಬಿಚ್ಚಿ ನೋಡದೆ ನಿರ್ಣಯ ಬೇಡ: ಕೆಟ್ಟ ಎಂಜಿನ್ನೂ ಕುಟುಂಬದ ಲೆಕ್ಕಾಚಾರವೂ

ಅಕ್ಕಲಕೋಟ ತಾಲೂಕಿನ ಚಪಳಗಾಂವದಂತಹ ಊರುಗಳಲ್ಲಿ ಮನೆಯ ಮುಂದೆ ನಿಂತ ಕಾರು ಈಗ ಬಡಿವಾರದ ವಸ್ತುವಾಗಿ ಉಳಿದಿಲ್ಲ. ನಡುರಾತ್ರಿಯಲ್ಲಿ ಹೆರಿಗೆಯ ನೋವು ಕಾಣಿಸಿಕೊಂಡರೆ ಅಕ್ಕಲಕೋಟೆಗೋ ಸೋಲಾಪುರಕ್ಕೋ ಧಾವಿಸುವುದು ಅದರಲ್ಲಿಯೇ. ತೊಗರಿ ಮಾರಿದ ಹಣ ತರಲು ಪೇಟೆಗೆ ಹೋಗುವುದು ಅದರಲ್ಲಿಯೇ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ಇಯತ್ತೆ ಮುಗಿಸಿದ ಮಗಳನ್ನು ಗಡಿಯಾಚೆಯ ಇಂಡಿಯಲ್ಲೋ ವಿಜಯಪುರದಲ್ಲೋ ಕಾಲೇಜಿಗೆ ಸೇರಿಸಲು ಕರೆದೊಯ್ಯುವುದೂ ಅದರಲ್ಲಿಯೇ. ಇಂತಹ ಗಾಡಿಗಳಲ್ಲಿ ಅನೇಕವು ಕೈಬದಲಾಗಿ ಬಂದ ಹಳೆಯ ಗಾಡಿಗಳು. ಕೆಲವು ಸಾಲದ ಮೇಲೆ ಕೊಂಡವು. ಹೀಗಿರುವಾಗ ಒಂದು ದಿನ ದಾರಿಯ ನಡುವೆ ಎಂಜಿನ್ ನಿಂತುಬಿಟ್ಟರೆ, ಕೆಟ್ಟದ್ದು ಒಂದು ಯಂತ್ರ ಮಾತ್ರವಲ್ಲ. ಮನೆಯ ವರ್ಷದ ಲೆಕ್ಕವೇ ತಲೆಕೆಳಗಾಗುತ್ತದೆ.

ಆ ಹೊತ್ತಿನಲ್ಲಿ ಮಾಲೀಕನ ಕಿವಿಗೆ ಬೀಳುವ ಮಾತುಗಳು ಸಾಮಾನ್ಯವಾಗಿ ಎರಡು. ಒಬ್ಬ ಮಿಸ್ತ್ರಿ ಬಾನೆಟ್ಟು ಎತ್ತಿ, ಕೈ ಒರೆಸಿಕೊಳ್ಳುತ್ತ, "ಕಾಕಾ, ಇದು ಹೋಗ್ಯಾದ್ರಿ, ಬ್ಯಾರೆ ಎಂಜಿನ್ನೇ ಹಾಕಬೇಕ್ರಿ" ಎನ್ನುತ್ತಾನೆ. ಮರುದಿನ ಇನ್ನೊಬ್ಬ ನೋಡಿ, "ಏನೂ ಆಗಿಲ್ರಿ, ಗ್ಯಾಸ್ಕೆಟ್ ಬದಲ ಮಾಡಿದ್ರ ಮುಗೀತು" ಎನ್ನುತ್ತಾನೆ. ಇಬ್ಬರೂ ಪ್ರಾಮಾಣಿಕರೇ ಇರಬಹುದು. ಆದರೆ ಇಬ್ಬರೂ ಒಳಗೆ ನೋಡದೆಯೇ ಮಾತನಾಡಿದವರು. ಒಳಗೆ ನೋಡದೆ ಆಡಿದ ಮಾತಿನ ಮೇಲೆ ಬಂಗಾರ ಒತ್ತೆ ಇಟ್ಟು ನಿರ್ಣಯ ಮಾಡುವುದು ಉಚಿತವಲ್ಲ. ಮೊದಲು ಪರೀಕ್ಷೆ, ಅನಂತರ ಅಳತೆ, ಅದಾದ ಮೇಲೆ ಲೆಕ್ಕ, ಎಲ್ಲಕ್ಕೂ ಕಾಗದ. ಈ ಕ್ರಮವನ್ನು ಪಾಲಿಸಿದವನಿಗೆ ದುರಸ್ತಿಯೋ ಬದಲಾವಣೆಯೋ ಎಂಬ ಪ್ರಶ್ನೆ ಬಹುಮಟ್ಟಿಗೆ ತಾನಾಗಿಯೇ ಬಗೆಹರಿಯುತ್ತದೆ.

ಬಾವಿಯ ಎಂಜಿನ್ನಿನಿಂದ ಕಾರಿನವರೆಗೆ

ನಮ್ಮ ಭಾಗದ ರೈತನಿಗೆ ಎಂಜಿನ್ ಹೊಸ ಪದಾರ್ಥವಲ್ಲ. ಹೊಲದ ಬಾವಿಗಳ ಮೇಲೆ ವಿದ್ಯುತ್ತು ಬರುವ ಮೊದಲು ನೀರೆತ್ತಿದ್ದು ಡೀಸೆಲ್ ಎಂಜಿನ್ನುಗಳು. ಅವುಗಳ ಹೆಸರಿನೊಡನೆ ಬೆಸೆದುಕೊಂಡ ಕಿರ್ಲೋಸ್ಕರ ಉದ್ಯಮದ ಮೂಲಪುರುಷ ಲಕ್ಷ್ಮಣರಾವ ಕಿರ್ಲೋಸ್ಕರರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, 1910ರಲ್ಲಿ ಇಂದಿನ ಸಾಂಗಲಿ ಜಿಲ್ಲೆಯಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅದೇ ಮನೆತನದ ಆಯಿಲ್ ಎಂಜಿನ್ ಕಂಪನಿ 1946ರಲ್ಲಿ ಪುಣೆಯ ಖಡಕಿಯಲ್ಲಿ ಸ್ಥಾಪನೆಯಾಯಿತು.

ಬಾವಿಯ ಎಂಜಿನ್ನು ದುರಸ್ತಿಗೆಂದೇ ಹುಟ್ಟಿದ ಯಂತ್ರವಾಗಿತ್ತು. ದಪ್ಪ ಎರಕದ ಕಬ್ಬಿಣ, ಸಾಮಾನ್ಯವಾಗಿ ಒಂದೇ ಸಿಲಿಂಡರು, ಸವೆದರೆ ತೆಗೆದು ಬೇರೆಯದನ್ನು ಕೂರಿಸಬಹುದಾದ ಲೈನರು. ಪಿಸ್ಟನ್ನು, ರಿಂಗು, ಲೈನರು ಬದಲಾಯಿಸಿದರೆ ಮತ್ತೆ ಅನೇಕ ಹಂಗಾಮುಗಳ ಕೆಲಸ. ಆದ್ದರಿಂದ "ಎಂಜಿನ್ ಅಂದಮೇಲೆ ಬೋರ್ ಮಾಡಿಸಿದರಾಯಿತು" ಎಂಬ ನಂಬಿಕೆ ಹಿರಿಯರಲ್ಲಿ ಬೇರೂರಿದೆ. ಇಂದಿನ ಸಣ್ಣ ಕಾರುಗಳ ಎಂಜಿನ್ನಿಗೆ ಈ ನಂಬಿಕೆ ಅರ್ಧ ಮಾತ್ರ ಸಲ್ಲುತ್ತದೆ. ಇವುಗಳ ತಲೆಭಾಗ, ಅಂದರೆ ಸಿಲಿಂಡರ್ ಹೆಡ್, ಅಲ್ಯೂಮಿನಿಯಮ್ಮಿನದು. ಅನೇಕ ಮಾದರಿಗಳಲ್ಲಿ ಕೆಳಗಿನ ಬ್ಲಾಕು ಸಹ ಅಲ್ಯೂಮಿನಿಯಮ್ಮಿನದೇ, ಒಳಗೆ ತೆಳುವಾದ ಕಬ್ಬಿಣದ ತೋಳು. ಹಗುರವಾದದ್ದರಿಂದ ಇಂಧನ ಉಳಿಯುತ್ತದೆ, ನಿಜ. ಆದರೆ ಶಾಖವನ್ನು ಸಹಿಸುವ ಶಕ್ತಿ ಕಡಿಮೆ. ಕೆಲವು ಮಾದರಿಗಳಿಗೆ ತಯಾರಕರು ದೊಡ್ಡ ಅಳತೆಯ ಪಿಸ್ಟನ್ನುಗಳನ್ನು ಪೂರೈಸುವುದೇ ಇಲ್ಲ.

ಈ ಯಂತ್ರಗಳ ಅಂಗಾಂಗಗಳು ತಯಾರಾಗುವುದು ನಮ್ಮಿಂದ ಬಹು ದೂರದಲ್ಲೇನೂ ಅಲ್ಲ. 1992ರಲ್ಲಿ ಸೋಲಾಪುರದಲ್ಲಿ ಆರಂಭವಾದ ಪ್ರಿಸಿಷನ್ ಕ್ಯಾಮ್‌ಶಾಫ್ಟ್ಸ್ ಕಂಪನಿಯು ಅಕ್ಕಲಕೋಟ ರಸ್ತೆಯ ಔದ್ಯೋಗಿಕ ವಸಾಹತಿನಲ್ಲಿದ್ದು, ದೇಶವಿದೇಶಗಳ ಕಾರು ತಯಾರಕರಿಗೆ ಕ್ಯಾಮ್‌ಶಾಫ್ಟುಗಳನ್ನು ಪೂರೈಸುತ್ತ ಬಂದಿದೆ. ಕಿರ್ಲೋಸ್ಕರ ಫೆರಸ್ ಕಂಪನಿಯು ಕೊಪ್ಪಳದ ಬೇವಿನಹಳ್ಳಿಯಲ್ಲಿಯೂ ಸೋಲಾಪುರದಲ್ಲಿಯೂ ಸಿಲಿಂಡರ್ ಬ್ಲಾಕು, ಹೆಡ್ಡುಗಳ ಎರಕ ಹೊಯ್ಯುತ್ತದೆ. ಅಕ್ಕಲಕೋಟ ನಾಕೆಯಿಂದ ದಿನವೂ ಪಾಳಿಗೆ ಹೋಗಿ ಬರುವ ನಮ್ಮ ತರುಣರಲ್ಲಿ ಮಿಲಿಮೀಟರಿನ ನೂರನೆಯ ಭಾಗವನ್ನು ಅಳೆಯಬಲ್ಲವರಿದ್ದಾರೆ. ಆ ಅಳತೆಯ ಶಿಸ್ತು ಗ್ಯಾರೇಜಿನ ಕಟ್ಟೆಗೂ ಬರಬೇಕೆಂದು ಕೇಳುವುದು ಗಾಡಿ ಮಾಲೀಕನ ಹಕ್ಕು.

ಕೆಡುವ ನಾಲ್ಕು ದಾರಿಗಳು

ಎಂಜಿನ್ ಹೇಗೆ ಕೆಟ್ಟಿತು ಎಂಬುದು ತಿಳಿದರೆ ಎಷ್ಟು ಕೆಟ್ಟಿದೆ ಎಂಬುದರ ಅರ್ಧ ಅಂದಾಜು ಸಿಗುತ್ತದೆ.

ಮೊದಲನೆಯದು ಬೇಸಿಗೆ. ಸೋಲಾಪುರದ ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತಾಮಾನ 40 ಡಿಗ್ರಿ ದಾಟುವುದು ವಾಡಿಕೆ. ರೇಡಿಯೇಟರಿಗೆ ಕೂಲಂಟಿನ ಬದಲು ಬೋರಿನ ಗಡಸು ನೀರು ತುಂಬುವ ರೂಢಿಯಿಂದ ಒಳಗಿನ ಸಣ್ಣ ನಳಿಗೆಗಳಲ್ಲಿ ಬಿಳಿ ಗಾರು ಕಟ್ಟಿ ನೀರಿನ ಓಡಾಟ ಕುಂಠಿತವಾಗುತ್ತದೆ. ಶಾಖದ ಮುಳ್ಳು ಕೆಂಪಿಗೆ ಏರಿದ ಮೇಲೂ "ಇನ್ನು ನಾಲ್ಕು ಕಿಲೋಮೀಟರು, ಊರು ಬಂತು" ಎಂದು ಓಡಿಸಿದರೆ ಅಲ್ಯೂಮಿನಿಯಮ್ ಹೆಡ್ಡು ಡೊಂಕಾಗುತ್ತದೆ, ಗ್ಯಾಸ್ಕೆಟ್ಟು ಒಡೆಯುತ್ತದೆ. ಸೈಲೆನ್ಸರಿನಿಂದ ಬಿಡದೆ ಬರುವ ಬಿಳಿ ಹೊಗೆ, ಕಾರಣವಿಲ್ಲದೆ ಕಡಿಮೆಯಾಗುವ ಕೂಲಂಟು, ಆಯಿಲಿನಲ್ಲಿ ಹಾಲು ಬೆರೆತಂತಹ ಬಣ್ಣ, ಇವು ಅದರ ಗುರುತುಗಳು. ಕೂಡಲೇ ನಿಲ್ಲಿಸಿದ ಗಾಡಿ ಹೆಚ್ಚಾಗಿ ಹೆಡ್ಡಿನ ಕೆಲಸದಲ್ಲಿಯೇ ಸುಧಾರಿಸುತ್ತದೆ. ಓಡಿಸಿದ ಗಾಡಿಯಲ್ಲಿ ಪಿಸ್ಟನ್ನು, ಸಿಲಿಂಡರುಗಳೂ ಗೀರಿಹೋಗಿರುತ್ತವೆ. ಆ ನಾಲ್ಕು ಕಿಲೋಮೀಟರಿನ ಬೆಲೆ ಕೆಲವೊಮ್ಮೆ ಒಂದು ಪೂರ್ಣ ಎಂಜಿನ್.

ಎರಡನೆಯದು ಆಯಿಲಿನ ಅಭಾವ. ಕಲ್ಲಿಗೆ ತಾಗಿ ಕೆಳಗಿನ ಆಯಿಲ್ ಚೇಂಬರು ಸೀಳಿ ಆಯಿಲು ಸೋರಿಹೋದಾಗ, ಇಲ್ಲವೆ ಕಾಲಕಾಲಕ್ಕೆ ಬದಲಾಯಿಸದೆ ಅದು ಕೆಸರಿನಂತಾದಾಗ, ಕ್ರ್ಯಾಂಕಿನ ಬೇರಿಂಗುಗಳು ಒಣಗಿ ಕರಗುತ್ತವೆ. ವೇಗ ಹೆಚ್ಚಿಸಿದಂತೆ ಹೆಚ್ಚುವ ಕಟಕಟ ಸಪ್ಪಳ ಅದರ ಲಕ್ಷಣ. ಈ ಹಾನಿ ಎಂಜಿನ್ನಿನ ತಳದಲ್ಲಿರುವುದರಿಂದ ದುರಸ್ತಿಯ ವೆಚ್ಚ ಅಧಿಕ.

ಮೂರನೆಯದು ನೀರು. ನಳದುರ್ಗದ ಕೋಟೆಯನ್ನು ಬಳಸಿ ಬರುವ ಬೋರಿ ನದಿ, ಅದಕ್ಕೆ ಕಟ್ಟಿದ ಕುರನೂರ ಜಲಾಶಯ, ದಕ್ಷಿಣದಲ್ಲಿ ಭೀಮೆ. ನಮ್ಮದು ಬರದ ನಾಡೆಂದು ಹೆಸರಾದರೂ ಮಳೆ ಹುಚ್ಚೆದ್ದರೆ ಹಳ್ಳಕೊಳ್ಳಗಳು ರಸ್ತೆಯ ಮೇಲೆಯೇ ಹರಿಯುತ್ತವೆ. 2020ರ ಅಕ್ಟೋಬರದ ಅತಿವೃಷ್ಟಿಯನ್ನು ಈ ಭಾಗ ಮರೆತಿಲ್ಲ. 2025ರ ಸೆಪ್ಟೆಂಬರದಲ್ಲಿ ಸೀನಾ ನದಿಯ ಮಹಾಪೂರದಿಂದ ಸೋಲಾಪುರ–ವಿಜಯಪುರ ಹೆದ್ದಾರಿಯ ಸಂಚಾರವೇ ನಿಂತಿತು. ಎಂಜಿನ್ನಿನೊಳಗೆ ಗಾಳಿಯೊಡನೆ ನೀರು ನುಗ್ಗಿದಾಗ ನಡೆಯುವುದು ಸರಳ ಭೌತಶಾಸ್ತ್ರ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಮೇಲೇರುವ ಪಿಸ್ಟನ್ನು ನೀರಿಗೆ ಅಪ್ಪಳಿಸಿ ಕನೆಕ್ಟಿಂಗ್ ರಾಡು ಬಾಗುತ್ತದೆ, ಕೆಲವೊಮ್ಮೆ ಮುರಿದು ಬ್ಲಾಕನ್ನೇ ತೂತು ಮಾಡುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಅದುಮುವಿಕೆಯ ಪ್ರಮಾಣ ಹೆಚ್ಚಾದ್ದರಿಂದ ಪೆಟ್ಟೂ ಹೆಚ್ಚು. ನೀರಿನಲ್ಲಿ ನಿಂತ ಗಾಡಿಗೆ ಮತ್ತೆ ಚಾವಿ ತಿರುಗಿಸದೆ ದೂಡಿ ಹೊರತೆಗೆದರೆ, ಪ್ಲಗ್ಗು ಬಿಚ್ಚಿ ನೀರು ಹೊರಹಾಕಿ, ಆಯಿಲು, ಫಿಲ್ಟರುಗಳನ್ನು ಬದಲಾಯಿಸಿ ಉಳಿಸಿಕೊಳ್ಳುವ ಸಾಧ್ಯತೆ ಉಂಟು.

ನಾಲ್ಕನೆಯದು ಟೈಮಿಂಗ್ ಬೆಲ್ಟು. ನಿಗದಿತ ಅವಧಿಗೆ ಬದಲಾಯಿಸದ ಬೆಲ್ಟು ಓಟದಲ್ಲಿಯೇ ಹರಿದರೆ ಅನೇಕ ಎಂಜಿನ್ನುಗಳಲ್ಲಿ ಪಿಸ್ಟನ್ನು ವಾಲ್ವುಗಳಿಗೆ ಬಡಿದು ಅವು ಬಾಗುತ್ತವೆ. ನೋಡಲು ಎಂಜಿನ್ ಸತ್ತಂತೆ ಕಂಡರೂ ಹಾನಿ ಬಹುಶಃ ಹೆಡ್ಡಿಗೆ ಸೀಮಿತವಾಗಿರುತ್ತದೆ. ಇಂತಹ ಗಾಡಿಗೆ ಪೂರ್ಣ ಎಂಜಿನ್ ಬದಲಾಯಿಸುವ ಸಲಹೆ ಬಂದರೆ ಎರಡನೆಯ ಅಭಿಪ್ರಾಯ ಪಡೆಯಲೇಬೇಕು.

ಬಿಚ್ಚುವ ಮುನ್ನ, ಬಿಚ್ಚಿದ ಮೇಲೆ

ಬಿಚ್ಚುವ ಮುನ್ನವೇ ಮಾಡಬಹುದಾದ ಪರೀಕ್ಷೆ ಕಂಪ್ರೆಶನ್ ಪರೀಕ್ಷೆ. ಪ್ರತಿ ಸಿಲಿಂಡರಿಗೆ ಗೇಜು ತಿರುಗಿಸಿ ಒತ್ತಡ ಅಳೆಯುತ್ತಾರೆ. ಎಲ್ಲವೂ ಹೆಚ್ಚುಕಡಿಮೆ ಸಮನಾಗಿದ್ದು ತಯಾರಕರು ಹೇಳಿದ ಮಿತಿಯೊಳಗಿದ್ದರೆ ಎಂಜಿನ್ನಿನ ಒಡಲು ಗಟ್ಟಿಯಾಗಿದೆ ಎಂದರ್ಥ, ರೋಗ ಬೇರೆಡೆಯಿದೆ. ಒಂದು ಸಿಲಿಂಡರು ಕಡಿಮೆ ತೋರಿದರೆ ಅದರೊಳಗೆ ಸ್ವಲ್ಪ ಆಯಿಲು ಬಿಟ್ಟು ಮತ್ತೆ ಅಳೆಯಬೇಕು. ಒತ್ತಡ ಏರಿದರೆ ರಿಂಗು ಅಥವಾ ಸಿಲಿಂಡರು ಸವೆದಿದೆ. ಏರದಿದ್ದರೆ ವಾಲ್ವು ಅಥವಾ ಗ್ಯಾಸ್ಕೆಟ್ಟಿನ ದೋಷ. ಪಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕಡಿಮೆ ತೋರಿದರೆ ಅವುಗಳ ನಡುವೆ ಗ್ಯಾಸ್ಕೆಟ್ಟು ಸುಟ್ಟಿರುವ ಸಂಭವ ಹೆಚ್ಚು. ಇದರೊಡನೆ ಆಯಿಲಿನ ಒತ್ತಡವನ್ನೂ ಅಳೆಯಿಸಬೇಕು. ನೀಲಿ ಹೊಗೆ ಆಯಿಲು ಸುಡುವುದರ, ಕರಿಹೊಗೆ ಇಂಧನ ಹೆಚ್ಚಾದುದರ ಗುರುತು ಎಂಬುದನ್ನು ಮನೆಯವರೂ ತಿಳಿದಿರಬೇಕು.

ಹೆಡ್ಡು ಬಿಚ್ಚಿದ ಮೇಲೆ ಕಣ್ಣಿನ ಅಂದಾಜು ಸಾಲದು. ಅದರ ಮೇಲೆ ನೇರಪಟ್ಟಿಯಿಟ್ಟು, ತೆಳ್ಳನೆಯ ಗೇಜು ತೂರಿಸಿ, ಎಷ್ಟು ಡೊಂಕಾಗಿದೆ ಎಂದು ನೋಡಬೇಕು. ಅನೇಕ ಸಣ್ಣ ಕಾರುಗಳಲ್ಲಿ ಸಹಿಸಬಹುದಾದ ಡೊಂಕು 0.05 ಮಿಲಿಮೀಟರಿನ ಆಸುಪಾಸು, ಅಂದರೆ ತಲೆಗೂದಲಿಗಿಂತ ತೆಳ್ಳಗೆ. ಸಿಲಿಂಡರು ದುಂಡಾಗಿಯೇ ಉಳಿದಿದೆಯೋ ಇಲ್ಲವೋ, ಕ್ರ್ಯಾಂಕಿನ ಮೈ ಗೀರಿದೆಯೋ ಇಲ್ಲವೋ ಎಂಬುದನ್ನು ಗೇಜು, ಮೈಕ್ರೋಮೀಟರುಗಳಿಂದ ಅಳೆದು ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಒಳ್ಳೆಯ ಲೇಥ್ ಅಂಗಡಿಯವರು ಈ ಅಂಕಿಗಳನ್ನು ಬರೆದುಕೊಡಲು ಹಿಂಜರಿಯುವುದಿಲ್ಲ. ತಯಾರಕರ ಕೈಪಿಡಿಯ ಮಿತಿ ಒಂದು ಕಡೆ, ಅಳೆದ ಅಂಕಿ ಇನ್ನೊಂದು ಕಡೆ ಇಟ್ಟಾಗ ವಾದಕ್ಕೆ ಜಾಗವೇ ಉಳಿಯದು.

ಅಳತೆಯ ಮೇಲೆ ದುರಸ್ತಿಯ ಮೆಟ್ಟಿಲುಗಳು ನಿಲ್ಲುತ್ತವೆ. ಹೆಡ್ಡಿನ ಕೆಲಸ ಮೊದಲ ಮೆಟ್ಟಿಲು: ಗ್ಯಾಸ್ಕೆಟ್ಟು, ಫೇಸಿಂಗು, ವಾಲ್ವು. ರಿಂಗು, ಬೇರಿಂಗುಗಳ ಬದಲಾವಣೆ ಎರಡನೆಯದು. ಗ್ಯಾರೇಜಿನವರು ಇದಕ್ಕೆ ಹಾಫ್ ಎಂಜಿನ್ ಕೆಲಸವೆನ್ನುತ್ತಾರೆ. ಸಿಲಿಂಡರನ್ನು ಕೊರೆದು ದೊಡ್ಡ ಅಳತೆಯ ಪಿಸ್ಟನ್ನು ಹಾಕುವುದು, ಕ್ರ್ಯಾಂಕನ್ನು ಗ್ರೈಂಡ್ ಮಾಡಿಸುವುದು ಮೂರನೆಯದು. ಬ್ಲಾಕು ಸೀಳಿದ್ದರೆ, ತೂತಾಗಿದ್ದರೆ, ಕೊರೆಯುವ ಮಿತಿ ಮೀರಿದ್ದರೆ, ಆಗ ಮಾತ್ರ ಎಂಜಿನ್ ಬದಲಾವಣೆಯ ಮಾತು ಸಹಜವಾಗಿ ಬರುತ್ತದೆ.

ಬದಲಾವಣೆಯಲ್ಲಿಯೂ ಮೂರು ಬಗೆ: ಕಂಪನಿಯ ಹೊಸ ಎಂಜಿನ್, ಬಿಚ್ಚಿ ಹೊಸದಾಗಿ ಜೋಡಿಸಿ ಹಮಿ ಕೊಟ್ಟು ಮಾರುವ ಎಂಜಿನ್, ಮೋಡಿಗೆ ಹೋದ ಗಾಡಿಯಿಂದ ಕಳಚಿದ ಎಂಜಿನ್. ಮೂರನೆಯದು ಅಗ್ಗ. ಆದರೆ ಅದು ಯಾವ ಬೇಸಿಗೆ ಕಂಡಿದೆ, ಯಾವ ನೀರಲ್ಲಿ ಮುಳುಗಿದೆ ಎಂಬುದನ್ನು ಬಲ್ಲವರಿಲ್ಲ. ಅದನ್ನೂ ಕೂರಿಸುವ ಮುನ್ನ ಕಂಪ್ರೆಶನ್ ಪರೀಕ್ಷೆಗೆ ಒಡ್ಡದೆ ಕೊಳ್ಳಬಾರದು. ಮೇಲಾಗಿ 2017ರ ಏಪ್ರಿಲ್ 1ರಿಂದ ಬಿಎಸ್-4, 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮಗಳು ದೇಶದಾದ್ಯಂತ ಜಾರಿಗೆ ಬಂದಿವೆ. ಒಂದು ಮಾನದಂಡದ ಎಂಜಿನ್ನು ಇನ್ನೊಂದರ ಕಂಪ್ಯೂಟರಿಗೂ ಸೆನ್ಸರುಗಳಿಗೂ ಹೊಂದುವುದಿಲ್ಲ. ಹೆಸರು ಒಂದೇ ಆದ ಮಾತ್ರಕ್ಕೆ ಎಂಜಿನ್ ಒಂದೇ ಅಲ್ಲ.

ಕಾಗದದ ಮೇಲಿನ ಲೆಕ್ಕ

ಅಳತೆ ಬಂದ ಮೇಲೆ ಮನೆಯವರೆಲ್ಲ ಕುಳಿತು ಲೆಕ್ಕ ಹಾಕಬೇಕು. ಲೆಕ್ಕಕ್ಕೆ ಬೇಕಾದ ಅಂಕಿಗಳು ಮೂರೇ. ಗಾಡಿ ಸುಸ್ಥಿತಿಯಲ್ಲಿದ್ದರೆ ಇಂದು ಎಷ್ಟಕ್ಕೆ ಹೋಗುತ್ತದೆ? ಕೆಟ್ಟ ಸ್ಥಿತಿಯಲ್ಲಿಯೇ ಮಾರಿದರೆ ಎಷ್ಟು ಬರುತ್ತದೆ? ಪ್ರತಿ ಮಾರ್ಗದ ಒಟ್ಟು ಖರ್ಚು ಎಷ್ಟು?

ಉದಾಹರಣೆಗೆ ಒಂಬತ್ತು ವರ್ಷದ ಒಂದು ಕಾರನ್ನು ಊಹಿಸೋಣ. ಸುಸ್ಥಿತಿಯಲ್ಲಿ ಅದರ ಬೆಲೆ 2,40,000 ರೂಪಾಯಿ, ಕೆಟ್ಟ ಸ್ಥಿತಿಯಲ್ಲಿ 80,000 ರೂಪಾಯಿ ಎಂದಿಟ್ಟುಕೊಳ್ಳೋಣ. ದುರಸ್ತಿಗೆ 75,000 ತಗಲಿದರೆ, ಅದನ್ನು ಕಳೆದು ಮಾಲೀಕನ ಕೈಯಲ್ಲಿ ಉಳಿಯುವ ಮೌಲ್ಯ 1,65,000. ಹಾಗೆಯೇ ಮಾರಿದರೆ 80,000. ಇಲ್ಲಿ ದುರಸ್ತಿ ಸ್ಪಷ್ಟವಾಗಿ ಮೇಲು. ಅದೇ ಗಾಡಿಗೆ ಕಂಪನಿಯ ಹೊಸ ಎಂಜಿನ್ನಿಗೆ 1,80,000 ಆಗುವುದಾದರೆ ಉಳಿಯುವುದು 60,000 ಮಾತ್ರ. ಹಳೆಯ ಕಾರಿನಲ್ಲಿ ಹೊಸ ಎಂಜಿನ್ ಇದ್ದರೂ ಕೊಳ್ಳುವವನು ಅದಕ್ಕೆ ತಕ್ಕ ಬೆಲೆ ಕೊಡುವುದಿಲ್ಲ.

ಈಗ ಹದಿನೈದು ವರ್ಷದ ಗಾಡಿಯನ್ನು ತೆಗೆದುಕೊಳ್ಳೋಣ. ಸುಸ್ಥಿತಿಯಲ್ಲಿ 70,000, ಕೆಟ್ಟದ್ದಾದರೆ 25,000, ದುರಸ್ತಿ ಅದೇ 75,000. ಅದನ್ನು ಮಾರಿ, ಅಂತಹದೇ ಓಡುವ ಗಾಡಿ ಕೊಳ್ಳಲು ಕೈಯಿಂದ ಹಾಕಬೇಕಾದದ್ದು 45,000. ದುರಸ್ತಿಗೆ 30,000 ಹೆಚ್ಚು. ಆ ಹೆಚ್ಚಿನ ಹಣಕ್ಕೆ ಸಿಗುವುದು, ಒಳಗೇನಿದೆಯೆಂದು ತಿಳಿದ ಎಂಜಿನ್. ಆ ತಿಳಿವಳಿಕೆಗೆ ಅಷ್ಟು ಬೆಲೆ ಕೊಡುವುದು ಉಚಿತವೋ ಎಂಬುದನ್ನು ಕುಟುಂಬವೇ ನಿರ್ಧರಿಸಬೇಕು. ಹದಿನೈದು ವರ್ಷಕ್ಕೆ ಖಾಸಗಿ ಗಾಡಿಯ ನೋಂದಣಿ ಮುಗಿಯುತ್ತದೆ ಎಂಬುದೂ ಲೆಕ್ಕದಲ್ಲಿರಲಿ. ತಪಾಸಣೆಯಲ್ಲಿ ಪಾಸಾದರೆ ಒಮ್ಮೆಗೆ ಐದು ವರ್ಷ ನವೀಕರಣ. 2022ರ ಏಪ್ರಿಲಿನಿಂದ ಹಳೆಯ ಕಾರುಗಳ ನವೀಕರಣ ಶುಲ್ಕ 5,000 ರೂಪಾಯಿಗೆ ಏರಿತು.

"ಹೋದ ವರ್ಷವಷ್ಟೇ ನಾಲ್ಕು ಹೊಸ ಟೈರು ಹಾಕಿಸಿದ್ದೇವೆ, ಈಗ ಹೇಗೆ ಬಿಡುವುದು" ಎಂಬ ಮಾತು ಎಲ್ಲ ಮನೆಗಳಲ್ಲಿ ಕೇಳಿಬರುತ್ತದೆ. ಖರ್ಚಾದ ಹಣ ಖರ್ಚಾಗಿಯೇ ಹೋಯಿತು. ಟೈರುಗಳಿಂದ ಮಾರುವ ಬೆಲೆ ಎಷ್ಟು ಏರಿತೋ ಅಷ್ಟೇ ಅವುಗಳ ಲೆಕ್ಕ. ಅದೇ ರೀತಿ ಸಾಲ ತೆಗೆದು ದುರಸ್ತಿ ಮಾಡಿಸುವುದಾದರೆ ಬಡ್ಡಿಯೂ, ಗಾಡಿ ಗ್ಯಾರೇಜಿನಲ್ಲಿ ನಿಂತ ದಿನಗಳ ಬಾಡಿಗೆ ಗಾಡಿಯ ಖರ್ಚೂ ದುರಸ್ತಿಯ ಬೆಲೆಯಲ್ಲಿ ಸೇರಬೇಕು. ವಡಾಪ್ ಓಡಿಸಿ ಹೊಟ್ಟೆ ಹೊರೆಯುವವನಿಗೆ ಆ ದಿನಗಳ ದುಡಿಮೆ ಹೋದದ್ದೂ ಖರ್ಚೇ.

ವಿಮೆ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ಪೂರ್ಣ ವಿಮೆ ಇದೆಯೆಂದ ಮಾತ್ರಕ್ಕೆ ಎಂಜಿನ್ನಿನ ಎಲ್ಲ ಖರ್ಚು ಬರುತ್ತದೆಂಬುದು ಭ್ರಮೆ. ಸಾಮಾನ್ಯ ಪಾಲಿಸಿ ಅಪಘಾತ, ಬೆಂಕಿ, ಮಹಾಪೂರದಂತಹ ಹೊರಗಿನ ಕಾರಣಗಳ ಹಾನಿಗೆ ಸಲ್ಲುತ್ತದೆ. ಸವಕಳಿ, ಯಾಂತ್ರಿಕ ಕೆಡುಕು, ಹಾಗೂ ಮೊದಲ ಹಾನಿಯ ನಂತರ ಗಾಡಿಯನ್ನು ಓಡಿಸಿದ್ದರಿಂದ ಉಂಟಾದ ಹೆಚ್ಚಿನ ಹಾನಿಗೆ ಸಲ್ಲದು. ನೀರಲ್ಲಿ ನಿಂತ ಗಾಡಿಗೆ ಚಾವಿ ತಿರುಗಿಸಿದರೆ ಕ್ಲೇಮು ತಿರಸ್ಕೃತವಾಗುವುದು ಈ ಕಾರಣದಿಂದ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚವನ್ನು ಪ್ರತ್ಯೇಕವಾಗಿ ಕೊಂಡಿದ್ದರೆ ಮಾತ್ರ ಇಂತಹ ಹಾನಿಗೆ ಆಧಾರ.

ಕ್ಲೇಮು ಒಪ್ಪಿದರೂ ಸವಕಳಿ ಕಡಿತವಿದೆ. ಲೋಹದ ಭಾಗಗಳಿಗೆ ಐದರಿಂದ ಹತ್ತು ವರ್ಷದ ಗಾಡಿಯಲ್ಲಿ ಶೇ. 40, ಹತ್ತು ವರ್ಷ ಮೀರಿದರೆ ಶೇ. 50, ರಬ್ಬರು, ಪ್ಲಾಸ್ಟಿಕ್ ಭಾಗಗಳಿಗೆ ಶೇ. 50. ದುರಸ್ತಿಯ ವೆಚ್ಚ ಪಾಲಿಸಿಯಲ್ಲಿ ನಮೂದಾದ ಗಾಡಿಯ ಬೆಲೆಯ ಶೇ. 75ನ್ನು ಮೀರಿದರೆ ಅದನ್ನು ಪೂರ್ಣ ನಷ್ಟವೆಂದು ಪರಿಗಣಿಸುವ ನಿಯಮವಿದೆ. ಮುಖ್ಯವಾದ ಸೂಚನೆಯೊಂದು: ವಿಮಾ ಕಂಪನಿಗೆ ತಿಳಿಸಿ, ಸರ್ವೇಯರು ಬಂದು ನೋಡುವ ಮೊದಲು ಎಂಜಿನ್ ಬಿಚ್ಚಿಸಬಾರದು. ಬಿಚ್ಚಿದ ಮೇಲೆ ಪುರಾವೆ ನಾಶವಾಯಿತೆಂಬ ವಾದಕ್ಕೆ ಅವಕಾಶ ಕೊಟ್ಟಂತಾಗುತ್ತದೆ. ಅನ್ಯಾಯವಾಗಿ ತಿರಸ್ಕರಿಸಿದರೆ ಕಂಪನಿಗೆ ಲಿಖಿತ ದೂರು ಕೊಟ್ಟು, ಒಂದು ತಿಂಗಳು ಕಾದು, ಅಲ್ಲಿಂದ ಒಂದು ವರ್ಷದೊಳಗೆ ವಿಮಾ ಲೋಕಪಾಲರ ಬಳಿ ಹೋಗಬಹುದು. ಅಲ್ಲಿ ಶುಲ್ಕವೂ ಇಲ್ಲ, ವಕೀಲರ ಅಗತ್ಯವೂ ಇಲ್ಲ.

ಬ್ಲಾಕಿನ ಮೇಲೆ ಕೆತ್ತಿದ ನಂಬರು

ಎಂಜಿನ್ ಬದಲಾವಣೆಯಲ್ಲಿ ಹೆಚ್ಚಿನವರು ಗಮನಿಸದ ಅಪಾಯ ಕಾಯ್ದೆಯದು. ಪ್ರತಿ ಎಂಜಿನ್ ಬ್ಲಾಕಿನ ಮೇಲೆ ಒಂದು ನಂಬರು ಕೆತ್ತಿರುತ್ತದೆ. ಅದೇ ನಂಬರು ನೋಂದಣಿ ಪತ್ರದಲ್ಲಿಯೂ ವಿಮಾ ಪತ್ರದಲ್ಲಿಯೂ ಇರುತ್ತದೆ. ಹೆಡ್ಡು, ಪಿಸ್ಟನ್ನು, ಕ್ರ್ಯಾಂಕು ಎಷ್ಟು ಬದಲಾಯಿಸಿದರೂ ನಂಬರು ಉಳಿಯುತ್ತದೆ. ಬ್ಲಾಕು ಬದಲಾದ ಕ್ಷಣದಲ್ಲಿ ಕಾಗದ ಒಂದು, ಗಾಡಿ ಇನ್ನೊಂದು ಎಂಬಂತಾಗುತ್ತದೆ.

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ವಿರುದ್ಧವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಮಾರ್ಪಾಡಾದ 14 ದಿನಗಳೊಳಗೆ ತಾನು ವಾಸಿಸುವ ಪ್ರದೇಶದ ನೋಂದಣಿ ಅಧಿಕಾರಿಗೆ ಅದನ್ನು ವರದಿ ಮಾಡಿ, ನೋಂದಣಿ ಪತ್ರ ಒಪ್ಪಿಸಿ, ಅದರಲ್ಲಿ ನಮೂದು ಮಾಡಿಸಿಕೊಳ್ಳುವುದು ಮಾಲೀಕನ ಹೊಣೆ. ಕಾಯ್ದೆಗೆ ವಿರುದ್ಧವಾದ ಮಾರ್ಪಾಡಿಗೆ 182-ಎ ಕಲಮಿನಡಿ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಎರಡೂ ಆಗಬಹುದು. ಆದ್ದರಿಂದ ಎಂಎಚ್-13 ಗಾಡಿಯ ಮಾಲೀಕನು ಸೋಲಾಪುರದ ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಅದೇ ಮಾದರಿಯ, ಅದೇ ಇಂಧನದ ಎಂಜಿನ್ನನ್ನೇ ಆರಿಸುವುದು ಕ್ಷೇಮ. ಗಾಡಿಯ ಮೇಲೆ ಸಾಲವಿದ್ದರೆ ಸಾಲ ಕೊಟ್ಟ ಸಂಸ್ಥೆಯ ಲಿಖಿತ ಒಪ್ಪಿಗೆಯನ್ನೂ ಪಡೆಯಬೇಕು. ಹೊಸ ನಂಬರನ್ನು ವಿಮಾ ಕಂಪನಿಗೂ ತಿಳಿಸಬೇಕು.

ಗಡಿಭಾಗದಲ್ಲಿ ಈ ವಿಷಯ ಇನ್ನೂ ಸೂಕ್ಷ್ಮ. ನಂಟಸ್ತಿಕೆ, ವ್ಯಾಪಾರ ಎರಡೂ ಗಡಿ ದಾಟಿ ನಡೆಯುತ್ತವೆ. ಕೆಎ-28 ಅಥವಾ ಕೆಎ-32 ನಂಬರಿನ ಹಳೆಯ ಗಾಡಿಯಿಂದ ಕಳಚಿದ ಎಂಜಿನ್ ಅಗ್ಗಕ್ಕೆ ಸಿಗುತ್ತದೆಂದು ವಿಜಯಪುರದಿಂದಲೋ ಕಲಬುರಗಿಯಿಂದಲೋ ತಂದು ಕೂರಿಸುವುದುಂಟು. ತರುವುದು ತಪ್ಪಲ್ಲ, ಕಾಗದವಿಲ್ಲದೆ ತರುವುದು ತಪ್ಪು. ಮಾರಾಟದ ಬಿಲ್ಲು, ಮೂಲ ಗಾಡಿಯ ನೋಂದಣಿ ಪತ್ರದ ನಕಲು, ಅದು ಮೋಡಿಗೆ ಹೋದದ್ದಾದರೆ ನೋಂದಣಿ ರದ್ದಾದುದರ ದಾಖಲೆ, ಈ ಮೂರೂ ಕೈಯಲ್ಲಿರಬೇಕು. ನಂಬರು ಉಜ್ಜಿದ, ಮತ್ತೆ ಕೆತ್ತಿದ ಗುರುತಿದ್ದರೆ ಆ ಎಂಜಿನ್ನನ್ನು ಮುಟ್ಟಲೇಬಾರದು. ಕಳವಿನ ಮಾಲೆಂದು ತಿಳಿದೂ, ಅಥವಾ ಹಾಗೆಂದು ನಂಬಲು ಕಾರಣವಿದ್ದೂ, ಅಪ್ರಾಮಾಣಿಕವಾಗಿ ಪಡೆದರೆ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಡಿ ಮೂರು ವರ್ಷಗಳವರೆಗೆ ಶಿಕ್ಷೆಯಾಗಬಹುದು. ಅಗ್ಗದ ಎಂಜಿನ್ನು ಅಗ್ಗವಾಗಿರಲು ಕಾರಣವೇನೆಂದು ಕೇಳುವುದು ಕೊಳ್ಳುವವನ ಕರ್ತವ್ಯ.

ಗ್ಯಾರೇಜಿನೊಡನೆ ಒಪ್ಪಂದ

ಎಂಜಿನ್ ಬಿಚ್ಚಲು ಒಪ್ಪಿಗೆ ಕೊಡುವ ಮೊದಲು ಒಂದು ಮಾತು ನಿಷ್ಕರ್ಷೆಯಾಗಬೇಕು: ಬಿಚ್ಚಿ ನೋಡಿ, ದುರಸ್ತಿ ಬೇಡವೆಂದರೆ ಎಷ್ಟು ಕೊಡಬೇಕು? 1872ರ ಭಾರತೀಯ ಕರಾರು ಕಾಯ್ದೆಯ 170ನೆಯ ಕಲಮಿನ ಪ್ರಕಾರ, ತನ್ನ ಶ್ರಮ ಕೌಶಲಗಳನ್ನು ವಿನಿಯೋಗಿಸಿ ಕೆಲಸ ಪೂರೈಸಿದ ಗ್ಯಾರೇಜಿನವನಿಗೆ ಆ ಕೆಲಸದ ಹಣ ಬರುವವರೆಗೆ ಗಾಡಿಯನ್ನು ತನ್ನಲ್ಲಿಯೇ ಇಟ್ಟುಕೊಳ್ಳುವ ಹಕ್ಕಿದೆ. ಬಾಯಿಮಾತಿನ ಒಪ್ಪಂದ ಜಗಳವಾಗಿ, ಗಾಡಿ ತಿಂಗಳುಗಟ್ಟಲೆ ಅಂಗಳದಲ್ಲಿ ನಿಲ್ಲುವುದು ಇಲ್ಲಿಂದಲೇ. ಅದೇ ಕಾಯ್ದೆಯ 151ನೆಯ ಕಲಮು ಗ್ಯಾರೇಜಿನವನ ಮೇಲೂ ಹೊಣೆ ಹೊರಿಸುತ್ತದೆ: ತನ್ನ ಸ್ವಂತ ವಸ್ತುವನ್ನು ಸಾಮಾನ್ಯ ವಿವೇಕಿಯೊಬ್ಬ ಹೇಗೆ ಜೋಪಾನ ಮಾಡುವನೋ ಹಾಗೆ ಆತ ಗಾಡಿಯನ್ನು ಜೋಪಾನ ಮಾಡಬೇಕು.

ಆದ್ದರಿಂದ ಬಿಚ್ಚುವ ಕೂಲಿ, ಬಿಡಿಭಾಗಗಳ ಪಟ್ಟಿ, ಅವು ಕಂಪನಿಯವೋ ಬೇರೆಯವೋ ಎಂಬುದು, ಒಟ್ಟು ಅಂದಾಜು, ಮುಗಿಸುವ ದಿನಾಂಕ, ಹಮಿಯ ಅವಧಿ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಸಿ ಇಬ್ಬರೂ ಸಹಿ ಮಾಡಬೇಕು. ಅಂದಾಜು ಮೀರುವುದಾದರೆ ಮೊದಲು ಕೇಳಬೇಕೆಂಬ ಷರತ್ತೂ ಇರಲಿ. ಬದಲಾಯಿಸಿದ ಹಳೆಯ ಭಾಗಗಳನ್ನು ಮರಳಿ ಪಡೆಯಬೇಕು. 2025ರ ಸೆಪ್ಟೆಂಬರ್ 22ರಿಂದ ಗಾಡಿಯ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 18ಕ್ಕೆ ಇಳಿದಿರುವುದರಿಂದ ಹಳೆಯ ದರದ ಅಂದಾಜನ್ನು ಒಪ್ಪಬೇಕಿಲ್ಲ. "ಬಿಲ್ಲು ಬ್ಯಾಡಂದ್ರ ಕಮ್ಮಿ ಆಗ್ತದ್ರಿ" ಎಂಬ ಆಮಿಷಕ್ಕೆ ಒಳಗಾಗಬಾರದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಮೇಲಾಗಿ ಬಿಲ್ಲಿಲ್ಲದವನ ದೂರಿಗೆ ಬಲವಿಲ್ಲ. ಕೆಲಸ ಕೆಟ್ಟರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ದುರಸ್ತಿ ಬೇರೆ ಊರಿನಲ್ಲಿ ಆಗಿದ್ದರೂ ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸುವ ಅವಕಾಶವಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಸ್ವಂತ ಹೊಟ್ಟೆಪಾಡಿಗಾಗಿ ತಾನೇ ಗಾಡಿ ಓಡಿಸುವವನೂ ಕಾಯ್ದೆಯ ದೃಷ್ಟಿಯಲ್ಲಿ ಗ್ರಾಹಕನೇ.

ಪಾಲಿಸಿ ಇಂಗ್ಲಿಷಿನಲ್ಲಿ, ಬಿಲ್ಲು ಮರಾಠಿಯಲ್ಲಿ, ಮನೆಯ ಹಿರಿಯರ ಓದು ಕನ್ನಡದಲ್ಲಿ. ಇದು ನಮ್ಮ ಭಾಗದ ವಾಸ್ತವ. ಆದರೆ ಅದೇ ಮನೆಯಲ್ಲಿ ಮೂರೂ ಭಾಷೆಗಳನ್ನು ಶಾಲೆಯಲ್ಲಿ ಕಲಿಯುತ್ತಿರುವ ಮಗನೋ ಮಗಳೋ ಇದ್ದಾರೆ. ಸಹಿ ಹಾಕುವ ಮುನ್ನ ಆ ಕಾಗದವನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿ, ಕನ್ನಡದಲ್ಲಿ ಅರ್ಥ ಹೇಳಿಸುವುದರಲ್ಲಿ ಸಂಕೋಚಪಡಬೇಕಾದ್ದಿಲ್ಲ. ಮಕ್ಕಳಿಗೂ ಅದು ಪುಸ್ತಕದಲ್ಲಿ ಸಿಗದ ಪಾಠ.

ಬಿಡಬೇಕಾದಾಗ ಬಿಡುವುದು

ಎಲ್ಲ ಲೆಕ್ಕ ಹಾಕಿದ ಮೇಲೂ ಗಾಡಿಯನ್ನು ಬಿಡುವುದೇ ಲೇಸೆಂದು ಕಂಡರೆ ಅದನ್ನು ಕ್ರಮಬದ್ಧವಾಗಿ ಬಿಡಬೇಕು. ಮನೆಯ ಹಿತ್ತಲಲ್ಲಿ ತುಕ್ಕು ಹಿಡಿಸುವುದೂ, ಕಾಗದವಿಲ್ಲದೆ ಗುಜರಿಯವನಿಗೆ ತೂಕಕ್ಕೆ ಹಾಕುವುದೂ ಅಪಾಯಕರ. ನೋಂದಣಿ ಮಾಲೀಕನ ಹೆಸರಿನಲ್ಲಿಯೇ ಉಳಿದು, ಆ ನಂಬರಿನಿಂದ ನಡೆದ ಯಾವುದೇ ದುರುಪಯೋಗದ ವಿಚಾರಣೆ ಆತನ ಮನೆಯ ಬಾಗಿಲಿಗೆ ಬರುತ್ತದೆ. ಬಳಕೆಗೆ ಶಾಶ್ವತವಾಗಿ ಅಯೋಗ್ಯವಾದ ಗಾಡಿಯ ವಿಷಯವನ್ನು ನೋಂದಣಿ ಅಧಿಕಾರಿಗೆ ತಿಳಿಸಿ ರದ್ದು ಮಾಡಿಸಬೇಕೆಂದು 55ನೆಯ ಕಲಮು ವಿಧಿಸುತ್ತದೆ. 2021ರ ಆಗಸ್ಟಿನಲ್ಲಿ ಘೋಷಣೆಯಾದ ಗುಜರಿ ನೀತಿಯ ಪ್ರಕಾರ, ಮಾನ್ಯತೆ ಪಡೆದ ಕೇಂದ್ರಕ್ಕೆ ಗಾಡಿ ಒಪ್ಪಿಸಿದರೆ ಠೇವಣಿ ಪ್ರಮಾಣಪತ್ರ ಸಿಗುತ್ತದೆ. ಅದರ ಆಧಾರದ ಮೇಲೆ ಹೊಸ ಖಾಸಗಿ ಗಾಡಿಯ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿಗೆ ಅವಕಾಶವಿದೆ.

ಕೆಟ್ಟ ಎಂಜಿನ್ನಿಗಾಗಿ ಖರ್ಚಾಗುವ ಹಣ ಮನೆಯಲ್ಲಿ ಬೇರೆ ಯಾವುದಕ್ಕೋ ಮೀಸಲಾಗಿರುವ ಹಣ. ಅದು ಜೂನ್ ತಿಂಗಳ ಕಾಲೇಜು ಫೀ ಇರಬಹುದು, ಮಳೆಗಾಲದ ಬೀಜ ಗೊಬ್ಬರ ಇರಬಹುದು, ತಾಯಿಯ ಕಣ್ಣಿನ ಶಸ್ತ್ರಕ್ರಿಯೆ ಇರಬಹುದು. ಗಾಡಿ ನಿಂತ ಮೊದಲ ಗಳಿಗೆಯ ದಿಗಿಲಿನಲ್ಲಿ "ಹೂಂ, ಹಾಕಿಬಿಡ್ರಿ" ಎಂದ ಒಂದು ಮಾತಿಗೆ ಅದು ಬಲಿಯಾಗಬಾರದು. ಗಾಡಿ ಎರಡು ದಿನ ನಿಂತರೆ ನಷ್ಟ ಎರಡು ದಿನದ್ದು. ಪರೀಕ್ಷೆಯ ಚೀಟಿ, ಅಳತೆಯ ಅಂಕಿ, ಎರಡು ಗ್ಯಾರೇಜುಗಳ ಲಿಖಿತ ಅಂದಾಜು, ಪಾಲಿಸಿ, ನೋಂದಣಿ ಪತ್ರ, ಈ ಐದೂ ಮೇಜಿನ ಮೇಲೆ ಬಂದ ದಿನ ನಿರ್ಣಯ ಮಾಡಿದರೆ ಸಾಕು.